ಮ್ಯಾಂಚೆಸ್ಟರ್ ಅಂದ್ರೆ ಯಾವೂರು?

ನಾನು ದಾವಣಗೆರೆಯವನು. ಹತ್ತಿ ಗಿರಣಿಗಳ ಕಾರಣಕ್ಕೆ ನಮ್ಮೂರನ್ನು ಒಂದು ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದರು. ಅಪ್ಪ ಅಂಥದ್ದೊಂದು ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಗಿರಣಿಗೆ ಸ್ವಂತದ ಕಬಡ್ಡಿ ಟೀಮ್ ಇತ್ತು, ಅಪ್ಪ ಅದರಲ್ಲಿ ಆಡುತ್ತಿದ್ದರು. ಹಸಿರು ಬನಿಯನ್ ಹಾಕಿಕೊಂಡ ಹನ್ನೆರಡು ಜನರ ಒಂದು ಕಪ್ಪು ಬಿಳುಪು ಫೋಟೊ ಇವತ್ತಿಗೂ ನಮ್ಮ ಮನೆಯ ಪಡಸಾಲೆಯಲ್ಲಿದೆ. ಬನಿಯನ್ ಹಸಿರು ಎಂಬುದು ಅಪ್ಪ ಹೇಳಿದ್ದರಿಂದ ಗೊತ್ತು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಗಿರಣಿ ಮುಚ್ಚಿತು. ಗಿರಣಿಯ ಜೊತೆಗೇ ಟೀಮೂ ಹೋಯಿತು. ಅಪ್ಪ ಆಮೇಲೆ ಬೇರೆಬೇರೆ ಕೆಲಸ ಮಾಡಿ ನಮ್ಮನ್ನು ಓದಿಸಿದರು.

ಎಂ.ಟೆಕ್ ಮಾಡಲು ಸುರತ್ಕಲ್‌ಗೆ ಹೋದೆ. ಅಲ್ಲಿಂದ ಒಮ್ಮೆ ದೀಪಾವಳಿಗೆ ಊರಿಗೆ ಬರುವಾಗ ನಾನು ಹಾಕಿಕೊಂಡಿದ್ದು ಮಂಗಳೂರಿನ ಫುಟ್‌ಪಾತ್‌ನಲ್ಲಿ 250 ರೂಪಾಯಿಗೆ ಕೊಂಡ ಕೆಂಪು ಜೆರ್ಸಿ. ಅಪ್ಪ ಅದರ ಎದೆಯ ಮೇಲಿನ ಲಾಂಛನವನ್ನು ಕನ್ನಡಕ ಏರಿಸಿಕೊಂಡು ನೋಡಿದರು.

‘ಯಾವೂರ ಟೀಮೋ ಇದು?’

‘ಮ್ಯಾಂಚೆಸ್ಟರ್, ಅಪ್ಪ. ಮ್ಯಾಂಚೆಸ್ಟರ್ ಯುನೈಟೆಡ್.’

‘ನಮ್ಮೂರನ್ನೇ ಮ್ಯಾಂಚೆಸ್ಟರ್ ಅಂತಿದ್ರಲ್ಲೋ. ಹಂಗಾರೆ ಅಲ್ಲಿ ಗಿರಣಿ ಇನ್ನೂ ನಡೀತಾವೇನು?’

ನಾನು ನಕ್ಕು ಒಳಗೆ ಹೋದೆ. ಆ ಊರಿನಲ್ಲಿ ಗಿರಣಿಗಳು ಇವೆಯೋ ಇಲ್ಲವೋ, ಆ ಕ್ಲಬ್ ಅಲ್ಲಿಯ ಜನಕ್ಕೆ ಏನಾಗಬೇಕು ಎಂಬುದು ನನಗೆ ಗೊತ್ತಿರಲಿಲ್ಲ. 2008ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಾಗ, ಮಧ್ಯರಾತ್ರಿ ಗೆಳೆಯನ ರೂಮಿನಲ್ಲಿ, ಚೆಲ್ಸಿಯ ಜಾನ್ ಟೆರ್ರಿ ಪೆನಾಲ್ಟಿ ಒದೆಯುವಾಗ ಜಾರಿ ಬಿದ್ದದ್ದನ್ನು ನೋಡಿ ನಾನು ಮಂಚದ ಮೇಲೆ ಕುಣಿದಿದ್ದೆ. ನಾನು ಯುನೈಟೆಡ್ ಅಭಿಮಾನಿಯಾದದ್ದು ಅಷ್ಟರಿಂದಲೇ. ನಮ್ಮಲ್ಲಿ ಬಹಳ ಜನರ ಕತೆ ಇದೇ. ಯಾರೋ ಒಬ್ಬ ಗೆಳೆಯ, ಒಂದು ಟಿ.ವಿ., ಒಂದು ಗೆಲುವು. ಗೆದ್ದ ಟೀಮಿಗೇ ಜೋತುಬೀಳುತ್ತೇವೆ. ಸೋತವರ ಜೊತೆ ನಿಂತು ಅಭಿಮಾನಿಯಾದವರನ್ನು ನಾನು ಈಚೆಗೆ ನೋಡಿದ್ದು ಐಪಿಎಲ್‌ನಲ್ಲಿ ಮಾತ್ರ. ಯಾವ ಟೀಮು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2017ರಲ್ಲಿ. ಅಷ್ಟೊತ್ತಿಗೆ ಮುಂಬೈಗೆ ಬಂದು ಐದು ವರ್ಷವಾಗಿತ್ತು. ಕಂಪನಿ ನನ್ನನ್ನು ಮೂರು ತಿಂಗಳ ಮಟ್ಟಿಗೆ ಆನ್‌ಸೈಟ್ ಕೆಲಸಕ್ಕೆಂದು ಮ್ಯಾಂಚೆಸ್ಟರ್‌ಗೇ ಕಳಿಸಿತು. ಕಾಶಿಗೆ ಹೊರಟವನಂತೆ ಹೊರಟೆ. ಓಲ್ಡ್ ಟ್ರಾಫರ್ಡ್‌ನ ಲೀಗ್ ಪಂದ್ಯಕ್ಕೆ ಟಿಕೆಟ್ ಸಿಗಲಿಲ್ಲ. ಸಿಕ್ಕವುಗಳ ಬೆಲೆ ನನ್ನ ಭತ್ಯೆಗೆ ಎಟುಕುವಂತಿರಲಿಲ್ಲ. ಮ್ಯೂಸಿಯಂ ನೋಡಿ, ಖಾಲಿ ಮೈದಾನದ ಮುಂದೆ ಫೋಟೊ ತೆಗೆಸಿಕೊಂಡು ಬಂದೆ. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿನ ರೈಲ್ವೆ ಕಾರ್ಮಿಕರು ಸೇರಿ ಕಟ್ಟಿಕೊಂಡ ಟೀಮ್ ಅದು ಎಂದು ಓದಿದ್ದು ಅಲ್ಲಿಯೇ. ಅಂದರೆ ಅಪ್ಪನ ಗಿರಣಿಯ ಕಬಡ್ಡಿ ಟೀಮಿನಂಥದ್ದೇ.

ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಐವತ್ತು ದಾಟಿದ ಟೆಸ್ಟರ್ ಒಬ್ಬರಿದ್ದರು. ನಾನು ಓಲ್ಡ್ ಟ್ರಾಫರ್ಡ್ ಫೋಟೊ ತೋರಿಸಿದಾಗ ಅವರು ಮುಗುಳ್ನಕ್ಕು, ತಾವು ಅಲ್ಲಿಂದ ಹದಿಮೂರು ಕಿಲೊಮೀಟರ್ ದೂರದಲ್ಲಿ ಹುಟ್ಟಿ ಬೆಳೆದರೂ ಆ ಕ್ಲಬ್ ತಮ್ಮದು ಅಂತ ಯಾವತ್ತೂ ಅನ್ನಿಸಿಲ್ಲ ಎಂದರು. ಅವರದು ಬೆರಿ ಎಂಬ ಊರು. ಅದೂ ಹತ್ತಿ ಗಿರಣಿಗಳ ಊರೇ. ಆ ಊರಿನ ಕ್ಲಬ್ ಬೆರಿ ಎಫ್‌ಸಿ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಸೋಲಿಸಿತ್ತು. ಅದಾದ ಮೇಲೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ನಾನು ಹೋದಾಗ ಮೂರನೇ ಹಂತದ ಲೀಗ್‌ನಲ್ಲಿ ಒದ್ದಾಡುತ್ತಿತ್ತು.

ಒಂದು ಶನಿವಾರ ಅವರು ನನ್ನನ್ನು ಗಿಗ್ ಲೇನ್ ಎಂಬ ಅವರ ಮೈದಾನಕ್ಕೆ ಕರೆದೊಯ್ದರು. ಕೊರೆಯುವ ಚಳಿ. ಆಟ, ಸುಳ್ಳು ಹೇಳಬಾರದು, ಸಾಧಾರಣವಾಗಿತ್ತು. ಆದರೆ ನನ್ನ ಗಮನ ಆಟದ ಮೇಲೆ ನಿಲ್ಲಲೇ ಇಲ್ಲ. ಗೇಟಿನಲ್ಲಿ ನಿಂತಿದ್ದವನು ಇವರ ಹೆಸರು ಹಿಡಿದು ಮಾತಾಡಿಸಿದ. ಮುಂದಿನ ಸಾಲಿನ ಅಜ್ಜಿ ಇವರ ತಾಯಿಯ ಆರೋಗ್ಯ ವಿಚಾರಿಸಿದಳು. ಇವರು ಕುಳಿತ ಸೀಟು ಅಪ್ಪ ಕುಳಿತುಕೊಳ್ಳುತ್ತಿದ್ದ ಸೀಟಿನ ಪಕ್ಕದ್ದು. ಅಪ್ಪ ತೀರಿಕೊಂಡ ಮೇಲೂ ಜಾಗ ಬದಲಿಸಿರಲಿಲ್ಲ. ನಮ್ಮೂರ ಜಾತ್ರೆಯಲ್ಲಿ ದುಗ್ಗಮ್ಮನ ಗುಡಿಯ ಮುಂದೆ ಒಬ್ಬೊಬ್ಬರಿಗೂ ಗೊತ್ತಾದ ಜಾಗ ಇರುತ್ತದಲ್ಲ, ಹಾಗೆ.

ಎರಡು ವರ್ಷದ ಮೇಲೆ, 2019ರ ಆಗಸ್ಟ್ ಕೊನೆಯಲ್ಲಿ, ಅವರಿಂದ ಒಂದು ಮೆಸೇಜ್ ಬಂತು. ಹಣಕಾಸಿನ ತೊಂದರೆಗೆ ಸಿಕ್ಕಿದ್ದ ಬೆರಿ ಕ್ಲಬ್ಬನ್ನು ಫುಟ್‌ಬಾಲ್ ಲೀಗ್‌ನಿಂದಲೇ ಹೊರಹಾಕಿದ್ದರು. 134 ವರ್ಷದ ಕ್ಲಬ್. ಮೆಸೇಜಿನಲ್ಲಿದ್ದುದು ಸುದ್ದಿಯ ಕೊಂಡಿ, ಅದರ ಕೆಳಗೆ ಇನ್ನು ಮುಂದೆ ಶನಿವಾರ ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂಬ ಒಂದು ಸಾಲು, ಅಷ್ಟೆ. ಅದನ್ನು ಓದುವಾಗ ನನಗೆ ಪಡಸಾಲೆಯ ಫೋಟೊ ನೆನಪಾಯಿತು. ಮುಂದೆ ಅಭಿಮಾನಿಗಳೇ ಕೂಡಿ ಹೊಸದಾಗಿ ಟೀಮ್ ಕಟ್ಟಿದರು. 2023ರಲ್ಲಿ ಗಿಗ್ ಲೇನ್‌ನಲ್ಲಿ, ಬಹಳ ಕೆಳಗಿನ ಹಂತದಲ್ಲಿ, ಬೆರಿ ಮತ್ತೆ ಆಡತೊಡಗಿತು.

ಇಂಗ್ಲೆಂಡಿನ ಕತೆ ಅಲ್ಲಿಗಿರಲಿ. ನನ್ನ ತಪ್ಪೊಪ್ಪಿಗೆ ಮುಂಬೈದು.

2018ರ ಮೇ 26ರ ರಾತ್ರಿ ಕೀವ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ರಿಯಲ್ ಮ್ಯಾಡ್ರಿಡ್ ಲಿವರ್‌ಪೂಲನ್ನು 3-1ರಿಂದ ಸೋಲಿಸಿತು. ನನ್ನ ಟೀಮ್ ಅದರಲ್ಲಿ ಇರಲೇ ಇಲ್ಲ. ಆದರೂ ಲಿವರ್‌ಪೂಲ್ ಸೋಲುವುದನ್ನು ನೋಡುವ ಸುಖಕ್ಕಾಗಿ ರಾತ್ರಿ ಎರಡೂವರೆಯವರೆಗೆ, ತೊಟ್ಟಿಲಿನಲ್ಲಿ ಮಲಗಿದ್ದ ಮಗು ಏಳದಿರಲೆಂದು ಟಿ.ವಿ. ಸದ್ದು ಆರಿಸಿ ಕುಳಿತಿದ್ದೆ. ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಜೂನ್ 1ರ ಶುಕ್ರವಾರ ಅಂಧೇರಿಯ ಮುಂಬೈ ಫುಟ್‌ಬಾಲ್ ಅರೇನಾದಲ್ಲಿ ಭಾರತ ಮತ್ತು ಚೈನೀಸ್ ತೈಪೆ ಪಂದ್ಯ ನಡೆಯಿತು. ನನ್ನ ಆಫೀಸಿನಿಂದ ಆಟೊದಲ್ಲಿ ಇಪ್ಪತ್ತು ನಿಮಿಷ. ಮೆಟ್ರೊದ ಆಜಾದ್ ನಗರ ಸ್ಟೇಷನ್ ಇಳಿದರೆ ಎದುರಿಗೇ ಕ್ರೀಡಾಂಗಣ. ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು, ಭಾರತ 5-0ಯಿಂದ ಗೆದ್ದಿತು. ನೋಡಲು ಬಂದವರು 2,569 ಜನ. ಮುಂಬೈಯ ಒಂದು ಲೋಕಲ್ ರೈಲಿನಲ್ಲಿ ಬೆಳಗಿನ ಹೊತ್ತು ಅದಕ್ಕಿಂತ ಹೆಚ್ಚು ಜನ ಇರುತ್ತಾರೆ.

ಪಂದ್ಯ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮರುದಿನ ಛೆಟ್ರಿ ತಮ್ಮ ಟ್ವಿಟರ್‌ನಲ್ಲಿ ಒಂದು ವಿಡಿಯೊ ಹಾಕಿದರು. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಯುರೋಪಿನ ಕ್ಲಬ್‌ಗಳ ಅಭಿಮಾನಿಗಳನ್ನು ಉದ್ದೇಶಿಸಿಯೇ ಮಾತಾಡಿದ್ದರು. ನಮ್ಮ ಆಟ ಆ ಮಟ್ಟದ್ದಲ್ಲ ಅಂತ ನಮಗೂ ಗೊತ್ತು, ಆದರೂ ನಿಮ್ಮ ಸಮಯ ವ್ಯರ್ಥವಾಗದ ಹಾಗೆ ಆಡುತ್ತೇವೆ. ಬೇಕಾದರೆ ಬೈಯಿರಿ, ಟೀಕೆ ಮಾಡಿರಿ, ಆದರೆ ಮೈದಾನಕ್ಕೆ ಬಂದು ಮಾಡಿರಿ ಎಂಬುದು ಅದರ ಸಾರ. ದೇಶದ ತಂಡದ ನಾಯಕ, ಹ್ಯಾಟ್ರಿಕ್ ಹೊಡೆದ ಮರುದಿನ, ಕೈಮುಗಿದು ನಮ್ಮನ್ನು ಕರೆಯಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅವತ್ತು ಸಂಜೆ, ನಮ್ಮ ಜಾತಿಯ ಜನಕ್ಕೆ ಬೇರೇನು ಬರುತ್ತದೆ, ಎಕ್ಸೆಲ್ ಶೀಟ್ ತೆರೆದು ಲೆಕ್ಕ ಹಾಕಿದೆ. ಮುಂಬೈಗೆ ಬಂದ ಆರು ವರ್ಷದಲ್ಲಿ ವರ್ಷಕ್ಕೆ ಕಡಿಮೆಯೆಂದರೂ 30 ಯುನೈಟೆಡ್ ಪಂದ್ಯ, ಒಂದೊಂದಕ್ಕೆ ಎರಡು ತಾಸು. ಒಟ್ಟು 360 ತಾಸು. ಹದಿನೈದು ಹಗಲು, ಹದಿನೈದು ರಾತ್ರಿ. ಮುಂಬೈಯ ಮೈದಾನದಲ್ಲಿ ಫುಟ್‌ಬಾಲ್ ನೋಡಿದ್ದು ಸೊನ್ನೆ ತಾಸು.

ಜೂನ್ 4, ಸೋಮವಾರ, ಕೆನ್ಯಾ ವಿರುದ್ಧದ ಪಂದ್ಯಕ್ಕೆ ಹೋದೆ. ಮುಂಗಾರಿನ ಮಳೆ ಜಡಿಯುತ್ತಿತ್ತು, ಮೈದಾನದಲ್ಲಿ ನೀರು ನಿಂತಿತ್ತು. ಟಿಕೆಟ್ ಎಲ್ಲ ಮಾರಾಟವಾಗಿತ್ತು. ಅದು ಛೆಟ್ರಿಯವರ ನೂರನೇ ಅಂತರರಾಷ್ಟ್ರೀಯ ಪಂದ್ಯ. 3-0 ಗೆಲುವು, ಎರಡು ಗೋಲು ಅವರದೇ. ನನ್ನ ಸುತ್ತ ಚೆಲ್ಸಿ, ಆರ್ಸೆನಲ್, ಬಾರ್ಸಿಲೋನಾ ಜೆರ್ಸಿ ಹಾಕಿಕೊಂಡವರು ತೊಪ್ಪೆಯಾಗಿ ನಿಂತು ಕೂಗುತ್ತಿದ್ದರು. ನನ್ನ ಮೈಮೇಲೂ ಯುನೈಟೆಡ್‌ನ ಕೆಂಪು ಜೆರ್ಸಿಯೇ. ಬೇರೆ ಜೆರ್ಸಿ ಎಲ್ಲಿತ್ತು? ಟಿ.ವಿ.ಯಲ್ಲಿ ಕಾಣದ ಒಂದು ವಿಷಯ ಅವತ್ತು ಕಂಡಿತು. ಚೆಂಡು ಇಲ್ಲದ ಕಡೆ ಆಟಗಾರರು ಏನು ಮಾಡುತ್ತಾರೆ ಎಂಬುದು. ಒಬ್ಬ ಡಿಫೆಂಡರ್ ತೊಂಬತ್ತು ನಿಮಿಷವೂ ಪಕ್ಕದವನಿಗೆ ಏನೋ ಕೂಗುತ್ತಲೇ ಇರುತ್ತಾನೆ. ಆ ದನಿ ಗ್ಯಾಲರಿಗೆ ಕೇಳುತ್ತದೆ. ಹತ್ತು ವರ್ಷ ಫುಟ್‌ಬಾಲ್ ನೋಡಿದ್ದೇನೆ ಅಂದುಕೊಂಡಿದ್ದ ನಾನು ಅಲ್ಲಿಯವರೆಗೆ ನೋಡಿದ್ದು ಕ್ಯಾಮೆರಾ ತೋರಿಸಿದ್ದನ್ನು.

ಮರುವರ್ಷ ಮಾರ್ಚ್ 17ರಂದು ಅದೇ ಅಂಧೇರಿಯಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ. ಕಲಬುರಗಿಯ ಗೆಳೆಯನೊಬ್ಬನನ್ನು ಎಳೆದುಕೊಂಡು ಹೋದೆ. ಅವನಿಗೆ ಹುಮ್ಮಸ್ಸಿರಲಿಲ್ಲ. ‘ಬೆಂಗಳೂರು ನಮಗ ಲೋಕಲ್ ಹೆಂಗ್ ಆಗ್ತದೋ? ನಮ್ಮೂರಿಂದ ಹೈದರಾಬಾದೇ ಹತ್ರ’ ಅಂತ ದಾರಿಯುದ್ದಕ್ಕೂ ಗೊಣಗಿದ. ಮಾತಿನಲ್ಲಿ ಸತ್ಯ ಇಲ್ಲದೇ ಇಲ್ಲ. ಆದರೆ ಬೆಂಗಳೂರಿನಿಂದ ಬಂದಿದ್ದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ನೀಲಿ ಗುಂಪಿನ ಹತ್ತಿರ ಜಾಗ ಸಿಕ್ಕಿ, ನಾಲ್ಕು ಕಡೆಯಿಂದ ಕನ್ನಡ ಕಿವಿಗೆ ಬೀಳತೊಡಗಿದ ಮೇಲೆ ಅವನ ಗೊಣಗಾಟ ನಿಂತಿತು. ಅರ್ಧ ತಾಸಿನೊಳಗೆ ರೆಫ್ರಿಗೆ ಶುದ್ಧ ಕಲಬುರಗಿ ಭಾಷೆಯಲ್ಲಿ ಬೈಯುತ್ತಿದ್ದ. ತೊಂಬತ್ತು ನಿಮಿಷಕ್ಕೆ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಗೋವಾದ ಒಬ್ಬ ಆಟಗಾರ ರೆಡ್ ಕಾರ್ಡ್ ಪಡೆದು ಹೊರನಡೆದ. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು ಚಾಂಪಿಯನ್.

ಈ ರಾಹುಲ್ ಭೇಕೆ ಮುಂಬೈಯ ಹುಡುಗ. ತಾನು ಹುಟ್ಟಿದ ಊರಿನಲ್ಲಿ, ಬೆಂಗಳೂರಿಗಾಗಿ ಗೋಲು ಹೊಡೆದ. ಮುಂದೆ ಮುಂಬೈ ಸಿಟಿಗೆ ಬಂದು, ನಾಯಕನಾಗಿ 2024ರಲ್ಲಿ ಮುಂಬೈಗೆ ಕಪ್ ತಂದುಕೊಟ್ಟು, ಮತ್ತೆ ಬೆಂಗಳೂರಿಗೆ ಹೋದ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಬೆಳೆದದ್ದು ಬಹುಪಾಲು ದೆಹಲಿಯಲ್ಲಿ. ಬೆಂಗಳೂರು ಎಫ್‌ಸಿ ಹುಟ್ಟಿದ 2013ರಿಂದ ಅದರ ಮುಖವಾದವರು ಅವರು. ನಡುವೆ ಮುಂಬೈ ಸಿಟಿಗೂ ಆಡಿದ್ದಾರೆ. ಕೆಲಸ ಎಲ್ಲಿ ಕರೆಯಿತೋ ಅಲ್ಲಿಗೆ ಹೋದವರು. ಪುಣೆಯಲ್ಲೋ ಚೆನ್ನೈಯಲ್ಲೋ ಕುಳಿತು ಇದನ್ನು ಓದುತ್ತಿರುವ ನಿಮ್ಮ ಹಾಗೆ, ನನ್ನ ಹಾಗೆ.

ಹಾಗಾದರೆ ಹೊರನಾಡಿನಲ್ಲಿರುವ ನಮಗೆ ‘ಲೋಕಲ್ ಕ್ಲಬ್’ ಯಾವುದು? ಊರಿನಲ್ಲೇ ಇರುವವರಿಗೆ ಈ ಪ್ರಶ್ನೆ ಸುಲಭ. ನಮಗೆ ಮೂರು ದಿಕ್ಕಿನ ಎಳೆತ. ಹುಟ್ಟಿದ ನಾಡಿನದು, ಅನ್ನ ಕೊಟ್ಟ ಊರಿನದು, ಟಿ.ವಿ.ಯಲ್ಲಿ ಕಂಡು ಮೋಹಿಸಿದ ಯಾವುದೋ ದೇಶದ್ದು. ನಾನು ಇದಕ್ಕೆ ಒಂದು ಸರಳ ಅಳತೆ ಇಟ್ಟುಕೊಂಡಿದ್ದೇನೆ. ಪಂದ್ಯ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುವಂತಿದ್ದರೆ ಅದು ಲೋಕಲ್. ಆ ಲೆಕ್ಕದಲ್ಲಿ ನನ್ನ ಲೋಕಲ್ ಕ್ಲಬ್ ಮುಂಬೈ ಸಿಟಿ. 2019ರಲ್ಲಿ ಅದರ ಶೇ 65ರಷ್ಟು ಪಾಲನ್ನು ಕೊಂಡವರು ಯಾರು ಗೊತ್ತೇ? ಮ್ಯಾಂಚೆಸ್ಟರ್ ಸಿಟಿಯ ಒಡೆಯರು! ಯುನೈಟೆಡ್ ಅಭಿಮಾನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನನ್ನ ಮಗನಿಗೆ ಇದೊಂದೂ ಗೊತ್ತಿಲ್ಲ. ಅವನು ಹುಟ್ಟಿದ್ದು ಗೋರೆಗಾಂವ್‌ನಲ್ಲಿ, ಅವನ ಊರು ಮುಂಬೈ, ಅವನ ಜೆರ್ಸಿ ಆಕಾಶನೀಲಿ.

2023ರ ಮಾರ್ಚ್ 7ರಂದು ಸೆಮಿಫೈನಲ್‌ನ ಮೊದಲ ಸುತ್ತು ಅಂಧೇರಿಯಲ್ಲಿತ್ತು, ಮುಂಬೈ ಸಿಟಿಗೂ ಬೆಂಗಳೂರಿಗೂ. ಆರು ವರ್ಷದ ಮಗನನ್ನು ಒಬ್ಬನೇ ಕೂರಿಸಲಾಗದೆ ಮುಂಬೈ ಅಭಿಮಾನಿಗಳ ನಡುವೆಯೇ ಕೂತೆ. 78ನೇ ನಿಮಿಷದಲ್ಲಿ ಛೆಟ್ರಿ ತಲೆಯಿಂದ ಗೋಲು ಹೊಡೆದರು. ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡೆ. ಮಗ ನನ್ನ ಮುಖ ನೋಡಿದ. ‘ಅಪ್ಪ, ನೀ ಖುಷಿ ಆಗಿದ್ದೀ’ ಎಂದ, ಆರೋಪದ ದನಿಯಲ್ಲಿ. ಮುಂದಿನ ವಾರ ಬೆಂಗಳೂರಿನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ಮುಂಬೈ ಸೋತಾಗ ಅವನು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅದೇ ವಾರದ ಇನ್ನೊಂದು ಸಂಗತಿ ಹೇಳಬೇಕು. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಛೆಟ್ರಿ ಹೊಡೆದ ಅವಸರದ ಫ್ರೀಕಿಕ್, ಕೇರಳದ ಟೀಮು ಮೈದಾನ ಬಿಟ್ಟು ಹೊರನಡೆದದ್ದು ದೊಡ್ಡ ರಾದ್ಧಾಂತವಾಯಿತು. ನಮ್ಮ ಆಫೀಸಿನ ಮಲಯಾಳಿ ಗೆಳೆಯರ ಜೊತೆ ನಾನು ವಾರಗಟ್ಟಲೆ ಜಗಳಾಡಿದೆ. ಅದರ ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, 1968-69ರಲ್ಲಿ, ಗೆದ್ದ ಮೇಲೆ ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು. ನನಗೆ ಗೊತ್ತಾದದ್ದು ಎರಡು ದಿನದ ಮೇಲೆ. ಆ ತಂಡದ ಒಬ್ಬ ಆಟಗಾರನ ಹೆಸರನ್ನೂ ನಾನು ಆಗ ಹೇಳಲಾರದವನಾಗಿದ್ದೆ. ಯುನೈಟೆಡ್‌ನ ಬದಲಿ ಗೋಲ್‌ಕೀಪರ್ ಯಾರೆಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ.

ನಮಗೆ ಫುಟ್‌ಬಾಲ್ ಪರಂಪರೆ ಇಲ್ಲ ಎಂದು ಅಂದುಕೊಂಡಿರುವವರಿಗೆ ಒಂದೆರಡು ಮಾತು. ಮುಂಬೈಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್‌ನಲ್ಲಿ ವರ್ಷಾನುಗಟ್ಟಲೆ ಬ್ರಿಟಿಷ್ ಪಡೆಗಳ ಟೀಮುಗಳೇ ಗೆಲ್ಲುತ್ತಿದ್ದವು. ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ಕ್ಲಬ್ ಕೋಲ್ಕತ್ತದ್ದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಪಂದ್ಯದಲ್ಲಿ ಸ್ವತಂತ್ರ ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಇವತ್ತಿಗೂ ಕೋಲ್ಕತ್ತದಲ್ಲಿ ನೆನೆಯುವ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನಿಂದ ಹೋದವರು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಟೀಮುಗಳಿದ್ದವು, ನೌಕರಿಯೂ ಆಟವೂ ಒಟ್ಟಿಗೆ. ಮುಂಬೈಯಲ್ಲೂ ಅದೇ ಕತೆ. ಮಹೀಂದ್ರಾ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದ ಟೀಮು. 2010ರಲ್ಲಿ ಮುಚ್ಚಿತು. ಅದರ ಜಾಗ ತುಂಬಲು ನೋಡಿದ ಮುಂಬೈ ಎಫ್‌ಸಿಯೂ 2017ರಲ್ಲಿ ಕಣ್ಮುಚ್ಚಿತು. ನಾನು ಮುಂಬೈಯಲ್ಲೇ ಇದ್ದೆ. ಅದರ ಒಂದು ಪಂದ್ಯಕ್ಕೂ ಹೋಗಿರಲಿಲ್ಲ.

ಗೆಳೆಯರು ಒಡ್ಡುವ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಕಳಪೆ ಆಟವನ್ನು ಬರೀ ಹತ್ತಿರದ್ದೆಂದು ಯಾಕೆ ನೋಡಬೇಕು ಎಂಬುದು ಮೊದಲನೆಯದು. ಕನ್ನಡದ್ದೆಂಬ ಒಂದೇ ಕಾರಣಕ್ಕೆ ಕೆಟ್ಟ ಸಿನಿಮಾ ನೋಡಬೇಕೇ ಎಂದು ಕೇಳಿದ ಹಾಗೆ ಇದು. ನೋಡಬೇಕಿಲ್ಲ. ಆದರೆ ಮುಂಬೈಯ ಮಲ್ಟಿಪ್ಲೆಕ್ಸ್‌ನಲ್ಲಿ ಭಾನುವಾರ ಬೆಳಗಿನ ಒಂದೇ ಒಂದು ಕನ್ನಡ ಶೋಗೆ ಹದಿನೈದು ಜನ ಬಂದರೆ ಮುಂದಿನ ವಾರ ಅದೂ ಇರುವುದಿಲ್ಲ. ಆಮೇಲೆ ಒಳ್ಳೆಯ ಸಿನಿಮಾ ಬಂದಾಗಲೂ ನಮಗೆ ಪರದೆ ಸಿಗುವುದಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ನಮ್ಮ ಕ್ಲಬ್‌ಗಳೇನು ಊರವರು ಕಟ್ಟಿದವೇ? ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಕಂಪನಿಯದು, ಮುಂಬೈಯದಂತೂ ಹೇಳಿದೆನಲ್ಲ. ಒಡೆಯರಿಗೆ ಬೇಸರವಾದ ದಿನ ಮುಚ್ಚುವ ಅಂಗಡಿಗೆ ಮನಸ್ಸು ಕೊಡುವುದು ಹೇಗೆ? ನಿಜ. ಆದರೆ ದೂರದ ಕ್ಲಬ್ಬೂ ಒಡೆಯರದ್ದೇ. ವ್ಯತ್ಯಾಸ ಎಲ್ಲಿ ಬರುತ್ತದೆಂದರೆ, 2021ರ ಏಪ್ರಿಲ್‌ನಲ್ಲಿ ಯುನೈಟೆಡ್ ಸೇರಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್‌ಗಳು ತಮ್ಮದೇ ಸೂಪರ್ ಲೀಗ್ ಮಾಡಿಕೊಳ್ಳಲು ಹೊರಟಾಗ, ಚೆಲ್ಸಿಯ ಊರ ಅಭಿಮಾನಿಗಳು ಬೀದಿಗಿಳಿದು ತಮ್ಮದೇ ಟೀಮಿನ ಬಸ್ಸಿಗೆ ಅಡ್ಡ ನಿಂತರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ನಾನು ಗೋರೆಗಾಂವ್‌ನಲ್ಲಿ ಕುಳಿತು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ್ದೆ.

ಹಾಗಂತ ದೂರದ ಪ್ರೀತಿ ಸುಳ್ಳು ಎಂದು ನಾನು ಹೇಳಲಾರೆ. ಅದನ್ನು ಬಿಡಿ ಎಂದು ಉಪದೇಶ ಮಾಡುವ ಶುದ್ಧಾಚಾರಿಗಳ ಮಾತು ನನಗೆ ಹಿಡಿಸುವುದಿಲ್ಲ. 2022ರ ವಿಶ್ವಕಪ್ ಹೊತ್ತಿಗೆ ಕೇರಳದ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಕಟೌಟ್ ನಿಲ್ಲಿಸಿದ ಆ ಸೀಮೆಯ ಜನವೇ ಊರೂರಿನ ಸೆವೆನ್ಸ್ ಪಂದ್ಯಗಳಿಗೂ ಮುಗಿಬೀಳುತ್ತಾರೆ. ಕೋಲ್ಕತ್ತದಲ್ಲಿ ಬ್ರೆಜಿಲ್ ಮೇಲೆ ಪ್ರಾಣ ಇಟ್ಟವನು ಮೋಹನ್ ಬಾಗನ್ ಬಿಟ್ಟಿಲ್ಲ. ನಾನೂ ಯುನೈಟೆಡ್ ಬಿಟ್ಟಿಲ್ಲ. ಈಚಿನ ವರ್ಷಗಳ ಅವರ ಆಟ ನೋಡಿದರೆ ಬಿಡಲು ಕಾರಣಗಳಿಗೇನೂ ಕೊರತೆಯಿಲ್ಲ. ನನ್ನ ತಕರಾರು ಇಷ್ಟೆ. ಯುನೈಟೆಡ್‌ಗೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲಿ ಹಾಗಲ್ಲ.

ಹಾಗಲ್ಲ ಎಂಬುದು ಮನಸ್ಸಿಗೆ ಇಳಿದದ್ದು ಕಳೆದ ವರ್ಷ. 2025ರ ಜುಲೈನಲ್ಲಿ, ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಂದುವರಿಯುವುದು ಖಚಿತವಾಗದೆ, ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. 2022ರಲ್ಲಿ ಚಾಂಪಿಯನ್ ಆಗಿದ್ದ ಹೈದರಾಬಾದ್ ಟೀಮು ಆಗಲೇ ಆ ಊರನ್ನು ಬಿಟ್ಟು ದೆಹಲಿಗೆ ಹೋಗುತ್ತಿತ್ತು. ಹೈದರಾಬಾದಿನ ಕನ್ನಡಿಗ ಮಿತ್ರರೇ, ನಿಮ್ಮಲ್ಲಿ ಗಚ್ಚಿಬೌಲಿಯಲ್ಲಿ ಕುಳಿತು ಆ ಹಳದಿ ಜೆರ್ಸಿಗೆ ಕೂಗಿದವರು ಇದ್ದರೆ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯವರೂ ಮುಂಬೈ ಕ್ಲಬ್ಬಿನಿಂದ ಕೈತೊಳೆದುಕೊಂಡರು.

ನನ್ನ ಮಗನಿಗೆ ವಾರಕ್ಕೆ ಮೂರು ದಿನ ಫುಟ್‌ಬಾಲ್ ಕಲಿಸುವ ಕೋಚ್ ಒಬ್ಬರಿದ್ದಾರೆ. ಮೂವತ್ತೆರಡು ವಯಸ್ಸು. ಗೋಲ್‌ಕೀಪರ್ ಆಗಿ ಸಣ್ಣ ಲೀಗ್‌ಗಳಲ್ಲಿ ಆಡಿದವರು, ಕೋಚಿಂಗ್ ಲೈಸೆನ್ಸ್‌ಗಾಗಿ ಸಾಲ ಮಾಡಿದವರು. ಕಳೆದ ಬೇಸಿಗೆಯಲ್ಲಿ ಒಂದು ಕ್ಲಬ್ಬಿನ ಕಿರಿಯರ ತಂಡಕ್ಕೆ ಸಹಾಯಕ ಕೋಚ್ ಕೆಲಸ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಮನೆ ಬದಲಿಸುವ ಯೋಚನೆಯಲ್ಲೂ ಇದ್ದರು. ಜುಲೈನಲ್ಲಿ ಏನಾಯಿತು ಅಂತ ಕೇಳಿದೆ. ‘ಲೀಗ್ ಶುರುವಾದರೆ ಹೇಳ್ತೀವಿ ಅಂದಿದ್ದಾರೆ ಸರ್’ ಎಂದರು. ಸೆಪ್ಟೆಂಬರ್‌ನಲ್ಲಿ ಕೇಳಿದಾಗಲೂ ಅದೇ ಉತ್ತರ. ನವೆಂಬರ್‌ನಲ್ಲಿ ನಾನು ಕೇಳಲಿಲ್ಲ. ಅಷ್ಟರಲ್ಲಿ ಅವರು ಬೆಳಿಗ್ಗೆ ನಮ್ಮ ಮಕ್ಕಳಿಗೆ ಕಲಿಸಿ, ಸಂಜೆ ಬೈಕಿನಲ್ಲಿ ಪಾರ್ಸಲ್ ತಲುಪಿಸುವ ಕೆಲಸಕ್ಕೆ ಸೇರಿದ್ದರು. ಒಮ್ಮೆ ನಮ್ಮದೇ ಸೊಸೈಟಿಯ ಗೇಟಿನಲ್ಲಿ ಎದುರಾದರು. ಇಬ್ಬರಿಗೂ ಏನು ಮಾತಾಡಬೇಕೋ ತೋಚಲಿಲ್ಲ. ಮುಚ್ಚಿದ ಗಿರಣಿಯ ಗೇಟಿನ ಮುಂದೆ ಅಪ್ಪನ ಜೊತೆ ನಿಂತಿದ್ದ ಒಂದು ಮಧ್ಯಾಹ್ನ ನನಗೆ ಮಸುಕಾಗಿ ನೆನಪಿದೆ. ಆಗಲೂ ಯಾರೂ ಮಾತಾಡುತ್ತಿರಲಿಲ್ಲ.

ಅಂಧೇರಿಯ ಗ್ಯಾಲರಿಯಲ್ಲಿ ನಾನೊಬ್ಬ ಹೋಗಿ ಕುಳಿತಿದ್ದರೆ ಲೀಗ್ ಉಳಿಯುತ್ತಿತ್ತು ಎಂಬ ಭ್ರಮೆ ನನಗಿಲ್ಲ. ಒಪ್ಪಂದ, ಕೋರ್ಟು, ಪ್ರಸಾರದ ಹಕ್ಕು, ಇವೆಲ್ಲ ನಮ್ಮ ಕೈಮೀರಿದ್ದು. ಆದರೆ ಪ್ರಸಾರದ ಹಕ್ಕಿಗೆ ಬೆಲೆ ಬರುವುದು ನೋಡುವವರು ಇದ್ದಾಗ. ನಾವು ನಡುರಾತ್ರಿ ಯಾವ ಚಾನೆಲ್ ಹಾಕುತ್ತೇವೆ ಎಂಬುದನ್ನು ಯಾರೋ ಎಣಿಸುತ್ತಲೇ ಇರುತ್ತಾರೆ. ನಾನು ಡೇಟಾ ಕೆಲಸದಲ್ಲೇ ಇರುವವನು, ನನಗೆ ಗೊತ್ತು.

ಈ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ರಿಂದ ಲೀಗ್ ಶುರುವಾಗುತ್ತದೆ ಎಂದು ಘೋಷಿಸಿದರು. ಹದಿನಾಲ್ಕು ಕ್ಲಬ್, ಮೊಟಕಾದ ಸೀಸನ್. ಕೋಚ್‌ಗೆ ಫೋನ್ ಮಾಡಿದೆ. ಅವರಿಗೆ ಇನ್ನೂ ಕರೆ ಬಂದಿರಲಿಲ್ಲ. ‘ಹಿರಿಯರ ಟೀಮ್ ಮೊದಲು ನೋಡ್ಕೋತಾರೆ ಸರ್, ಮಕ್ಕಳದು ಆಮೇಲೆ’ ಎಂದರು. ಹಾಗೇ, ಭಾನುವಾರದ ಹನ್ನೆರಡರೊಳಗಿನವರ ಟೂರ್ನಿಗೆ ಮಗನನ್ನು ಏಳು ಗಂಟೆಗೆ ಕಳಿಸಿ ಎಂದು ನೆನಪಿಸಿದರು.

ಸಂಕ್ರಾಂತಿಗೆ ಬಂದ ಅಪ್ಪ ಆಗ ನಮ್ಮಲ್ಲಿಯೇ ಇದ್ದರು. ಎಪ್ಪತ್ತೆರಡು ವಯಸ್ಸು, ಮೊಣಕಾಲು ನೋವು. ಆದರೂ ಮೈದಾನಕ್ಕೆ ಬರುತ್ತೇನೆಂದು ಹಟ ಹಿಡಿದರು. ಬೌಂಡರಿ ಗೆರೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿದೆ. ಮಗನ ಟೀಮು ಕಿತ್ತಳೆ ಬಣ್ಣದ ಬನಿಯನ್ ತೊಟ್ಟು ಇಳಿಯಿತು. ಬೆನ್ನ ಮೇಲಿನ ನಂಬರನ್ನು ಕೋಚ್ ತಮ್ಮ ಕೈಯಾರೆ ಮಾರ್ಕರ್‌ನಲ್ಲಿ ಬರೆದಿದ್ದರು.

‘ಇದು ಯಾವೂರ ಟೀಮೋ?’ ಎಂದರು ಅಪ್ಪ.

‘ನಮ್ಮ ಓಣಿದು ಅಪ್ಪ.’

‘ಎದ್ರಿಗಿನದು?’

‘ಮಲಾಡ್‌ದು. ಅಲ್ಲೇ, ಮುಂದಿನ ಸ್ಟೇಷನ್ನು.’

ಅಪ್ಪ ತಲೆಯಾಡಿಸಿದರು. ಆಟ ಶುರುವಾಗಿ ಐದು ನಿಮಿಷವಾಗಿರಬೇಕು. ಆಫ್‌ಸೈಡ್ಎಂದರೇನೆಂದು ತಿಳಿಯದ ಅಪ್ಪ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಮೊಣಕಾಲಿನ ನೆನಪು ಅವರಿಗಿದ್ದಂತೆ ಕಾಣಲಿಲ್ಲ. ‘ಹಿಡ್ಕೊಳ್ಳೋ ಅವನ್ನ, ಬಿಡಬ್ಯಾಡ!’ ಎಂದು ಕಬಡ್ಡಿಯವರ ಹಾಗೆ ಕೂಗುತ್ತಿದ್ದರು. ಮಲಾಡಿನ ಅಪ್ಪ ಅಮ್ಮಂದಿರು ತಿರುಗಿ ನೋಡಿದರು. ಗೋಲಿನ ಹಿಂದೆ ನಿಂತಿದ್ದ ಕೋಚ್ ನಗುತ್ತ ನನ್ನ ಕಡೆ ಕೈ ಮಾಡಿ, ಅವರೇನು ಹೇಳುತ್ತಿದ್ದಾರೆ ಎಂದು ಕೇಳಿದರು.